ಬ್ಯಾಡ್ಜರ್ ಬಿಲ ಮುಚ್ಚೋಕೆ ಲೈಸೆನ್ಸ್ ಇತ್ತಾ, ಕೌನ್ಸಿಲರ್ ಅವರೇ?

ಕೌನ್ಸಿಲರ್ ಅವರೇ, ನಮಸ್ಕಾರ.

ಇಂಗ್ಲಿಷಿನಲ್ಲಿ ಬರೆದ ಮೇಲ್‌ಗಳಿಗೆ ನಿಮ್ಮಿಂದ ಉತ್ತರ ಬರಲಿಲ್ಲ. ಹೇಗೂ ಓದೋದಿಲ್ಲ ಅಂದಮೇಲೆ ಯಾವ ಭಾಷೆಯಾದರೇನು ಅಂತ ಈಗ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ವಾರ್ಡಿನಲ್ಲಿರುವ ನಮ್ಮ ಕನ್ನಡದವರಾದರೂ ಓದುತ್ತಾರೆ. ಇಂಡಿಯಾ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾವು ಇಲ್ಲಿ ಇಂಗ್ಲೆಂಡಿನಲ್ಲಿ ಓಟು ಹಾಕಬಹುದು, ಅದು ನಿಮಗೂ ಚೆನ್ನಾಗಿ ಗೊತ್ತು, ಚುನಾವಣೆ ಬಂದಾಗ ನಮ್ಮ ಬಾಗಿಲನ್ನೂ ತಟ್ಟುತ್ತೀರಲ್ಲ.

ವಿಷಯ ಹಳೆಯದೇ. ನಮ್ಮ ಬೀದಿಯ ಹಿಂದಿನ ಬಯಲಿನಲ್ಲಿ ಹೊಸ ಮನೆಗಳು ಏಳುತ್ತಿವೆ. ಬೇಲಿಸಾಲಿನ ಬುಡದಲ್ಲಿ, ಮುಖಕ್ಕೆ ಕಪ್ಪು ಬಿಳಿ ಪಟ್ಟೆಯ, ನೆಲ ತೋಡಿ ಬದುಕುವ ಬ್ಯಾಡ್ಜರ್ ಪ್ರಾಣಿಯ ಬಿಲಗಳಿವೆ. ಇದ್ದವು ಅನ್ನಬೇಕೇನೋ. ಅವಕ್ಕೆ ಕೈ ಹಾಕುವ ಮುಂಚೆ ಮನೆ ಕಟ್ಟುವವರು, ವನ್ಯಜೀವಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್‌ನಿಂದ ಲೈಸೆನ್ಸ್ ತಗೊಂಡಿದ್ದರಾ? ತಗೊಂಡಿದ್ದರೆ ತೋರಿಸಿ. ಇಲ್ಲದಿದ್ದರೆ ಕೆಲಸ ನಿಲ್ಲಿಸಿ.

ಮಾರ್ಚ್ ತಿಂಗಳ ಒಂದು ಶನಿವಾರ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಆಗ ತಾನೇ ಮಲಗಿದ್ದಳು. ಕಿಟಕಿ ಗಾಜೆಲ್ಲ ಗಡಗಡ ಅಂದಿತು. ಬೇಲಿ ಪಕ್ಕ ಹೋಗಿ ನೋಡಿದರೆ, ಬಿಲಗಳ ಸುತ್ತ ಕಟ್ಟಿದ್ದ ಕಿತ್ತಳೆ ಬಣ್ಣದ ಬಲೆಯನ್ನು ಸುತ್ತಿ ಪಕ್ಕಕ್ಕೆ ಎಸೆದಿದ್ದಾರೆ, ಬಿಲದ ಬಾಯಿಗಳಿಗೆ ಜೇಡಿಮಣ್ಣು ತುಂಬಿದ್ದಾರೆ, ಅದರ ಮೇಲೆ ಡಿಗ್ಗರ್ ಹಿಂದೆ ಮುಂದೆ ಓಡಾಡುತ್ತಿದೆ. ಹೆಲ್ಮೆಟ್ ಹಾಕಿದ್ದವರನ್ನು ಕೇಳಿದೆ. ಅದು ನರಿ ಬಿಲ, ನೀವು ಒಳಗೆ ಹೋಗಿ ಅಂದರು.

ನರಿ ಬಿಲವಂತೆ! ಮಲಗಿಸಿದ ಡಿ ಅಕ್ಷರದ ಹಾಗಿರುವ ಅಗಲ ಬಾಯಿ, ಮುಂದೆ ಬಂಡಿಗಟ್ಟಲೆ ಮಣ್ಣು, ಎಳೆದು ಹಾಕಿದ ಹಳೇ ಹುಲ್ಲಿನ ಹಾಸಿಗೆ, ಪಕ್ಕದಲ್ಲೇ ಸಣ್ಣ ಗುಂಡಿ ತೋಡಿ ಹಿಕ್ಕೆ ಹಾಕಿದ ಜಾಗ. ಯಾವ ನರಿ ಇಷ್ಟು ಶಿಸ್ತಾಗಿ ಸಂಸಾರ ಮಾಡುತ್ತೆ ಸ್ವಾಮಿ? ನರಿ ಬಿಲವೇ ಆಗಿದ್ದರೆ ಸುತ್ತ ಬಲೆ ಯಾಕೆ ಕಟ್ಟಿದ್ದರು?

ಲೈಸೆನ್ಸ್ ಇಲ್ಲದೆ ಬಿಲ ಮುಟ್ಟಬಾರದು ಅನ್ನುವ 1992ರ ಬ್ಯಾಡ್ಜರ್ ಕಾಯಿದೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮರಿಗಳು ಹುಟ್ಟೋದು ಹೆಚ್ಚಾಗಿ ಫೆಬ್ರವರಿಯಲ್ಲಿ, ಹೊರಗೆ ತಲೆ ಹಾಕೋದು ಏಪ್ರಿಲ್ ಹೊತ್ತಿಗೆ. ಅದಕ್ಕೇ ಬಿಲ ಮುಚ್ಚೋಕೆ ಸಾಮಾನ್ಯವಾಗಿ ಜುಲೈಯಿಂದ ನವೆಂಬರ್ ತನಕ ಮಾತ್ರ ಲೈಸೆನ್ಸ್ ಕೊಡೋದು. ಆಗಲೂ ಹೊರಗೆ ಹೋಗಬಹುದು, ಒಳಗೆ ಬರೋಕಾಗಲ್ಲ ಅನ್ನುವಂಥ ಬಾಗಿಲು ಕೂರಿಸಿ, 21 ದಿನ ಕಾದು, ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಮಣ್ಣು ಮುಟ್ಟಬೇಕು. ಇಲ್ಲಿ ಮಾರ್ಚ್‌ನಲ್ಲಿ, ಒಂದೇ ಬೆಳಿಗ್ಗೆ ಎಲ್ಲ ಮುಗಿಯಿತು. ಒಳಗೆ ಮರಿಗಳಿದ್ದವಾ ಅಂತ ಒಬ್ಬರೂ ನೋಡಲಿಲ್ಲ.

ನಿಮ್ಮ ಪ್ಲಾನಿಂಗ್ ಕಚೇರಿಯವರು ಪರ್ಮಿಷನ್ ಇದೆಯಲ್ಲ ಅಂದರು. ಪ್ಲಾನಿಂಗ್ ಪರ್ಮಿಷನ್ ಬೇರೆ, ಬಿಲದ ಲೈಸೆನ್ಸ್ ಬೇರೆ, ಅದು ಅವರಿಗೆ ಗೊತ್ತಿಲ್ಲದೆ ಇರುತ್ತಾ? ಆಮೇಲೆ ಇದು ಪೊಲೀಸರ ವಿಷಯ ಅಂದರು. ಪೊಲೀಸರ 101ಕ್ಕೆ ಫೋನ್ ಮಾಡಿದೆ, ದೂರಿನ ಒಂದು ನಂಬರ್ ಕೊಟ್ಟರು, ಆ ನಂಬರ್ ಇನ್ನೂ ನನ್ನ ಹತ್ತಿರವೇ ಇದೆ. ಬ್ಯಾಡ್ಜರ್ ಸರ್ವೆ ರಿಪೋರ್ಟ್ ಕೇಳಿದರೆ ಅದು ಗುಟ್ಟು ಅಂದರು. ನಾಯಿ ಬಿಟ್ಟು ಕಾದಾಡಿಸುವ ಪಾಪಿಗಳಿಗೆ ಬಿಲ ಎಲ್ಲಿದೆ ಅಂತ ತಿಳಿಯಬಾರದು, ಒಪ್ಪುತ್ತೇನೆ. ಆದರೆ ಬಿಲ ಇರೋದು ನಮ್ಮ ಹಿತ್ತಲಾಚೆ, ಜಾಗ ನನಗೆ ಗೊತ್ತು. ಲೈಸೆನ್ಸ್ ತೋರಿಸೋಕೆ ಏನು ಅಡ್ಡಿ?

ಇನ್ನು ನಮ್ಮ ಪಾಡು. ಮನೆ ಕಳೆದುಕೊಂಡ ಬ್ಯಾಡ್ಜರ್‌ಗಳು ಈಗ ರಾತ್ರಿಯೆಲ್ಲ ನಮ್ಮ ಹುಲ್ಲುಹಾಸು ಅಗೆದು ಎರೆಹುಳು ಹುಡುಕುತ್ತವೆ. ಅಮ್ಮ ಊರಿಂದ ತಂದುಕೊಟ್ಟ ಅವರೆ ಬೀಜ ಹಾಕಿದ್ದ ಮಡಿ ಹೋಯಿತು, ಮೆಂತ್ಯ ಸೊಪ್ಪೂ ಹೋಯಿತು. ಪಕ್ಕದ ಮನೆಯ ಅಜ್ಜಿ ಗುಂಡಿಯಲ್ಲಿ ಕಾಲಿಟ್ಟು ಬಿದ್ದು ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದಾರೆ. ಅವರಿಗೂ ಬ್ಯಾಡ್ಜರ್ ಮೇಲೆ ಸಿಟ್ಟಿಲ್ಲ. ನಿಮ್ಮ ಮೇಲೆ ಇದೆ. ಹೆಂಡತಿಗೆ ಹಗಲು ನಿದ್ದೆ ಇಲ್ಲ, ನನಗೆ ರಾತ್ರಿ ನಿದ್ದೆ ಇಲ್ಲ.

ಬೇಲಿಸಾಲಿನ ಇನ್ನೊಂದು ತುದಿಯಲ್ಲಿ ಇನ್ನೂ ಎರಡು ಬಾಯಿಗಳು ತೆರೆದಿವೆ. ಮೊನ್ನೆ ಅಲ್ಲಿಗೂ ಗೂಟ ಹೊಡೆದು ಗುರುತು ಮಾಡಿದ್ದಾರೆ. ಸದ್ಯಕ್ಕೆ ಕೆಲಸ ನಿಲ್ಲಿಸಿ ಅನ್ನುವ ಟೆಂಪರರಿ ಸ್ಟಾಪ್ ನೋಟಿಸ್ ಕೊಡುವ ಅಧಿಕಾರ ನಿಮ್ಮ ಕೌನ್ಸಿಲ್‌ಗೇ ಇದೆ. ಡಿಗ್ಗರ್ ಆ ತುದಿ ಮುಟ್ಟುವ ಮುಂಚೆ ಕೊಡಿಸಿ. ಮಾರ್ಚ್‌ನಲ್ಲಿ ಲೈಸೆನ್ಸ್ ಇದ್ದಿದ್ದರೆ ಅದರ ನಂಬರ್, ತಾರೀಖು ಬರೆದು ಕಳಿಸಿ. ಇರಲಿಲ್ಲ ಅಂದರೆ ಇರಲಿಲ್ಲ ಅಂತಲೇ ಬರೆದು, ಕೆಳಗೆ ಸಹಿ ಹಾಕಿ ಕಳಿಸಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ