ಮೋಸೆ ಎಂಬ ಊರು: ಮಗಳಿಗೊಂದು ಪತ್ರ

ಪುಟ್ಟಿ,

ಅಮೆರಿಕದ ಫ್ಲೋರಿಡಾದ ಸೇಂಟ್ ಅಗಸ್ಟೀನ್‌ನಿಂದ ನೀನು ಕಳಿಸಿದ ಫೋಟೋ ನೋಡಿದೆ. ಹುಲ್ಲು, ಕೆಸರು, ದೂರದಲ್ಲಿ ನಾಲ್ಕು ಮರ. "ಅಪ್ಪಾ, ಹಳೇ ಕೋಟೆ ಇದ್ದ ಜಾಗವಂತೆ, ಬರೀ ಜೌಗು" ಅಂತ ಬರೆದಿದ್ದೆ. ನಿನ್ನಮ್ಮನೂ ಕನ್ನಡಕ ಹಾಕಿಕೊಂಡು ಹುಡುಕಿದಳು. ಸಿಗಲಿಲ್ಲ.

ಆಮೇಲೆ ಒಂದು ವಾರ ನನಗೆ ಅದೇ ಓದು. ಆ ಜಾಗದಲ್ಲಿದ್ದ ಊರಿನ ಹೆಸರು ಮೋಸೆ. ನಮ್ಮ ಕಿವಿಗೆ ಮೋಸ ಅಂತಲೇ ಕೇಳಿಸುತ್ತೆ. ಕಥೆಯಲ್ಲಿ ಅದೂ ಇದೆ ಬಿಡು.

ಆಗ ಫ್ಲೋರಿಡಾ ಸ್ಪೇನಿನದು, ಅದರ ಉತ್ತರದ ಕ್ಯಾರೊಲಿನಾ ಇಂಗ್ಲಿಷರದು. ಗುಲಾಮರು ಉತ್ತರಕ್ಕೆ ಓಡುತ್ತಿದ್ದರು ಅಂತ ತಾನೆ ನಾವು ಓದಿದ್ದು? ಈ ಕ್ಯಾರೊಲಿನಾದ ಗುಲಾಮರು ಓಡಿದ್ದು ದಕ್ಷಿಣಕ್ಕೆ, ಫ್ಲೋರಿಡಾಕ್ಕೆ. 1687ರಲ್ಲಿ ಎಂಟು ಗಂಡಸರು, ಇಬ್ಬರು ಹೆಂಗಸರು, ಒಂದು ಮೊಲೆಗೂಸು ದೋಣಿಯಲ್ಲಿ ಬಂದು ಸೇರಿದರು. ಆ ಕೂಸು ದಾರಿಯಲ್ಲಿ ಜೋರಾಗಿ ಅತ್ತಿದ್ದರೆ ಏನು ಮಾಡುತ್ತಿದ್ದರೋ! ಹೀಗೆ ಬಂದು ಕ್ಯಾಥೊಲಿಕ್ ಆದವರಿಗೆ ಬಿಡುಗಡೆ ಅಂತ 1693ರಲ್ಲಿ ಸ್ಪೇನಿನ ರಾಜ ಆಜ್ಞೆ ಹೊರಡಿಸಿದ. ಬರೀ ಕರುಣೆ ಅಂದುಕೊಳ್ಳಬೇಡ. ಶತ್ರುವಿನ ತೋಟದಲ್ಲಿ ಆಳು ಕಡಿಮೆಯಾದರೆ ಇವನಿಗೆ ಲಾಭ ಅಲ್ವಾ?

ಆಜ್ಞೆಯಾದ ಮೇಲೂ ಎಲ್ಲರಿಗೂ ಬಿಡುಗಡೆ ಸಿಗಲಿಲ್ಲ. ಫ್ರಾನ್ಸಿಸ್ಕೊ ಮೆನೆಂಡೆಜ್ ಅಂತ ಒಬ್ಬ, ಆಫ್ರಿಕಾದ ಮಂಡಿಂಗಾ ಜನದವನು, 1724ರಲ್ಲಿ ಓಡಿ ಬಂದ. ಇಲ್ಲೂ ಅವನನ್ನು ಗುಲಾಮನಾಗಿಯೇ ಇಟ್ಟುಕೊಂಡರು. ಸೇಂಟ್ ಅಗಸ್ಟೀನ್‌ನ ಕಾವಲಿಗೆ ಕಪ್ಪು ಜನರ ಪಡೆ ಕಟ್ಟಿದಾಗ ನಾಯಕನಾದವನು ಅವನೇ, ಆದರೂ ಗುಲಾಮ! ಅವನು ಸುಮ್ನೆ ಕೂರಲಿಲ್ಲ. ಅರ್ಜಿ ಮೇಲೆ ಅರ್ಜಿ ಹಾಕಿದ. ಕೊನೆಗೆ 1738ರಲ್ಲಿ ಗವರ್ನರ್ ಮೊಂಟಿಯಾನೊ ಅವನನ್ನೂ ಉಳಿದವರನ್ನೂ ಬಿಡುಗಡೆ ಮಾಡಿ, ಸೇಂಟ್ ಅಗಸ್ಟೀನ್‌ನಿಂದ ಮೂರು ಕಿಲೋಮೀಟರ್ ಉತ್ತರಕ್ಕೆ ಮೋಸೆಯಲ್ಲಿ ಜಾಗ ಕೊಟ್ಟ. ಸುಮಾರು ನೂರು ಜನ. ಮಣ್ಣಿನ ಗೋಡೆ, ಕಂದಕ, ಹುಲ್ಲಿನ ಸೂರು. ಇಂಗ್ಲಿಷರು ಬಂದರೆ ಮೊದಲು ಏಟು ತಿನ್ನುವ ಜಾಗವೂ ಅದೇ!

1740ರಲ್ಲಿ ಬಂದೇಬಿಟ್ಟರು. ಗವರ್ನರ್ ಮೋಸೆ ಖಾಲಿ ಮಾಡಿಸಿದ, ಇಂಗ್ಲಿಷರು ಅದನ್ನು ಹಿಡಿದುಕೊಂಡರು. ಮೋಸೆಯವರು ಸ್ಪೇನಿನ ಸೈನಿಕರ ಜೊತೆ ಬೆಳಗಾಗುವ ಮುಂಚೆ ನುಗ್ಗಿ ಅದನ್ನು ವಾಪಸ್ ಪಡೆದರು, ಆದರೆ ಊರು ಹಾಳಾಗಿತ್ತು. ಮೆನೆಂಡೆಜ್ ತನ್ನ ಸೇವೆಗೆ ಪ್ರತಿಫಲ ಕೇಳಿ ನೇರ ರಾಜನಿಗೇ ಪತ್ರ ಬರೆದ. ಮರುವರ್ಷ ಸಮುದ್ರದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ. 200 ಛಡಿಯೇಟು, ಬಹಾಮಾಸ್‌ನಲ್ಲಿ ಮತ್ತೆ ಮಾರಾಟ. ಆದರೂ 1759ರ ಜನಗಣತಿ ಹೊತ್ತಿಗೆ ಅವನು ಮತ್ತೆ ಮೋಸೆಯಲ್ಲಿದ್ದಾನೆ!

ಆ ಪಟ್ಟಿಯಲ್ಲಿ 67 ಜನ. ಅವರಲ್ಲಿ ಎಂಟು ಹುಡುಗಿಯರು. ನನ್ನ ಮನಸ್ಸು ಅಲ್ಲೇ ನಿಂತಿದೆ. 1763ರಲ್ಲಿ ಫ್ಲೋರಿಡಾ ಇಂಗ್ಲಿಷರ ಪಾಲಾಯಿತು. ಇಷ್ಟು ಕಷ್ಟಪಟ್ಟು ಕಟ್ಟಿದ ಮನೆ ಬಿಟ್ಟು, ಎಲ್ಲರೂ ಹಡಗು ಹತ್ತಿ ಕ್ಯೂಬಾಕ್ಕೆ ಹೋದರು.

1980ರ ದಶಕದಲ್ಲಿ ಅಲ್ಲಿ ಅಗೆದಾಗ ಬಟ್ಟೆಯ ಗುಂಡಿ, ಹೊಲಿಗೆಯ ಬೆರಳುಟೋಪಿ, ಬಂದೂಕಿನ ಗುಂಡು, ಬೆಳ್ಳಿಯ ಒಂದು ಪದಕ ಸಿಕ್ಕಿದವಂತೆ. ಮ್ಯೂಸಿಯಂ ಇದೆಯಲ್ಲ, ಒಳಗೆ ಹೋಗಿದ್ದೆಯಾ? ಇನ್ನೊಂದು ಸಲ ಹೋದರೆ ಆ ಬೆರಳುಟೋಪಿ ಇಟ್ಟಿದ್ದಾರಾ ನೋಡು. ಇದ್ದರೆ ಫೋಟೋ ಕಳಿಸು. ಅಮ್ಮ ಕೇಳುತ್ತಿದ್ದಾಳೆ.

ನಿನ್ನ ಅಪ್ಪ