ಚಿಟ್ಟೆಪಿಲಿಗೊಂದು ಪತ್ರ

ಚಿಟ್ಟೆ ಮಾರಾಯ,

ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ಹಾಕಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗ್ತೀಯ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲಿನವರು ಓದಿದರೆ ಓದಲಿ. ಮೂರನೇ ಪ್ಲೇಟ್ ಗೋಳಿಬಜೆಯ ವಿಷಯ ಮಾತ್ರ ಯಾರೂ ಕೇಳಬೇಡಿ.

ಕಳೆದ ತಿಂಗಳು ಹಳೇ ಲ್ಯಾಪ್‌ಟಾಪಿನಲ್ಲಿ ಸ್ಕೈರಿಮ್ ಮತ್ತೆ ಹಾಕಿದೆ. 2011ರ ನವೆಂಬರಿನಲ್ಲಿ ಬಂದ ಕಂಪ್ಯೂಟರ್ ಆಟ, ನೆನಪುಂಟಲ್ವಾ? ನೀನು ಪ್ರತೀ ಸಲ ಅದರಲ್ಲಿನ ಖಜೀತ್ ಕುಲದವನಾಗಿಯೇ ಆಡುತ್ತಿದ್ದೆ. ಬೆಕ್ಕಿನ ಮುಖ, ಬೆಕ್ಕಿನ ಬಾಲ, ಮನುಷ್ಯರ ಹಾಗೆ ಎರಡು ಕಾಲಿನ ನಡಿಗೆ. ಕತ್ತಲಲ್ಲೂ ಕಣ್ಣು ಕಾಣುತ್ತದೆ, ಕಳ್ಳಹೆಜ್ಜೆ ಚೆನ್ನಾಗಿ ಬರುತ್ತದೆ, ಬರಿಗೈಯಲ್ಲಿ ಹೊಡೆದರೂ ಉಗುರು ತಾಗುತ್ತದೆ. ಆಗ ನಮಗೆ ಅಷ್ಟೇ ಬೇಕಿತ್ತು. ಮೆಸ್ಸಿನಲ್ಲಿ "ನನಗೆ ಹಸಿವು" ಅನ್ನುವ ಬದಲು "ಖಜೀತ್‌ಗೆ ಹಸಿವು" ಅಂತ ಅವರ ಹಾಗೇ ಮಾತಾಡಿ ಬೈಸಿಕೊಂಡದ್ದೂ ಉಂಟು.

ಈ ಸಲ ನಾನು ಆಡಿದ್ದಕ್ಕಿಂತ ಅವರ ಬಗ್ಗೆ ಓದಿದ್ದೇ ಜಾಸ್ತಿ. ಅವರ ಊರು ಎಲ್ಸ್‌ವೇರ್. ಉತ್ತರಕ್ಕೆ ಮರಳುಗಾಡು, ದಕ್ಷಿಣಕ್ಕೆ ಕಾಡು ಮತ್ತು ಕಬ್ಬು. ಆ ಲೋಕಕ್ಕೆ ಎರಡು ಚಂದ್ರ. ಮರಿ ಹುಟ್ಟುವ ಹೊತ್ತಿಗೆ ಆ ಎರಡರಲ್ಲಿ ಯಾವುದಕ್ಕೆ ಹುಣ್ಣಿಮೆ, ಯಾವುದಕ್ಕೆ ಅಮಾವಾಸ್ಯೆ, ಯಾವುದು ಅರ್ಧ ಅನ್ನುವುದನ್ನು ನೋಡಿಕೊಂಡು ಅದರ ಮೈ ಬೆಳೆಯುತ್ತದೆ. ಹುಟ್ಟಿದಾಗ ಎಲ್ಲ ಮರಿಗಳೂ ಹೆಚ್ಚುಕಡಿಮೆ ಒಂದೇ ಥರ. ಕೆಲವು ವಾರ ಕಳೆದ ಮೇಲೇ ಯಾರು ಏನು ಅಂತ ಗೊತ್ತಾಗುವುದು. ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣ ಆಲ್ಫಿಕ್ ಆಗಬಹುದು, ನೋಡಲು ಥೇಟ್ ನಮ್ಮ ಮನೆಯ ಪುಚ್ಚೆ ಬೆಕ್ಕು, ಬುದ್ಧಿ ಮಾತ್ರ ಉಳಿದವರಷ್ಟೇ ಚುರುಕು. ತಮ್ಮ ಸೆಂಚೆ ಆಗಿ, ಬೇರೆಯವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡುವಷ್ಟು ದೊಡ್ಡ ಹುಲಿಯಂತೆ ಬೆಳೆಯಬಹುದು. ಆದರೂ ಇಬ್ಬರೂ ಖಜೀತ್‌ಗಳೇ. ಅವರಿಗೆಲ್ಲ ಹಿರಿಯನನ್ನು ಮೇನ್ ಅನ್ನುತ್ತಾರೆ, ಒಂದು ಕಾಲಕ್ಕೆ ಒಬ್ಬನೇ. ಹಿಂದೆ ಜನ ತಮ್ಮ ಕೇಸರ ಬೋಳಿಸಿ ಅವನಿಗೆ ಕೊಡುತ್ತಿದ್ದರಂತೆ. ಅದನ್ನೆಲ್ಲ ಜಡೆ ಹೆಣೆದು ತೊಟ್ಟು, ಭಾರಕ್ಕೆ ನಡೆಯಲಾಗದೆ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದನಂತೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಬೋಳಾರದಲ್ಲಿ ನೀನು ಪಿಲಿವೇಷಕ್ಕೆ, ಅಂದರೆ ಹುಲಿವೇಷಕ್ಕೆ, ಬಣ್ಣ ಹಾಕಿಸಿಕೊಂಡ ಆ ಬೆಳಗ್ಗೆ. ಹಿಂದಿನ ರಾತ್ರಿ ವೇಷದ ಪೂಜೆ, ಊದು ಹಾಕುವುದು, ಆಗಿತ್ತು. ನೀನು ಬರೀ ಚಡ್ಡಿಯಲ್ಲಿ, ಕೈ ಎರಡೂ ಅಗಲಿಸಿ ಕೋಲು ಹಿಡಿದು, ಬಣ್ಣ ಒಣಗಲಿ ಅಂತ ನಿಂತಿದ್ದೆ. ಪಟ್ಟೆಪಿಲಿ, ಮೈತುಂಬ ಪಟ್ಟೆಯ ಹುಲಿ, ಆಗಬೇಕು ಅಂತ ನಿನಗೆ ಎಷ್ಟು ಆಸೆ. ಬಣ್ಣದವರು ಚಿಟ್ಟೆಪಿಲಿ, ಅಂದರೆ ಚುಕ್ಕೆಯ ಹುಲಿ, ಮಾಡಲು ಬೆನ್ನ ಮೇಲೆ ಚುಕ್ಕೆ ಇಡಲು ಶುರು ಮಾಡಿದಾಗ ನಿನ್ನ ಕಣ್ಣೀರು ಕೆನ್ನೆಯ ಹಳದಿಯಲ್ಲಿ ಒಂದು ಗೆರೆ ಎಳೆದಿತ್ತು. ಆಮೇಲೆ ತಾಸೆ ಬಡಿದದ್ದೇ ತಡ, ನೀನು ನನ್ನನ್ನು ಗುರುತೇ ಇಲ್ಲದವನ ಹಾಗೆ ನೋಡಿ ನೆಲಕ್ಕೆ ಬಾಗಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಇಷ್ಟು ವರ್ಷ ಹೇಳಿರಲಿಲ್ಲ.

ಸರಿ, ಹೇಳಬೇಕೆಂದು ಕೂತದ್ದು ಬೇರೆ.

ಸ್ಕೈರಿಮ್‌ನಲ್ಲಿ ಖಜೀತ್ ವ್ಯಾಪಾರಿಗಳ ಮೂರು ತಂಡ ಇದ್ದಾವಲ್ಲ, ಅವರನ್ನು ಪೇಟೆಯ ಒಳಗೆ ಬಿಡುವುದಿಲ್ಲ. ಕಳ್ಳರು, ಅಮಲು ಮಾರುವವರು ಅಂತ. ಅವರ ಊರಲ್ಲಿ ಅಡುಗೆಗೂ ಪೂಜೆಗೂ ಬೇಕಾದ ಚಂದ್ರಸಕ್ಕರೆ ಇಲ್ಲಿಯವರಿಗೆ ಬರೀ ಮಾದಕ ವಸ್ತು. ಹಾಗಾಗಿ ಚಳಿಯಲ್ಲಿ ಕೋಟೆ ಬಾಗಿಲ ಹೊರಗೆ ಡೇರೆ ಹಾಕಿ ಕೂರುತ್ತಾರೆ. ಅವರಲ್ಲಿ ಖಾರ್ಜೋ ಅಂತ ಒಬ್ಬ ಕಾವಲಿನವ. ಅಮ್ಮ ಕೊಟ್ಟ ಚಂದ್ರನ ತಾಯಿತ ಕಳವಾಗಿದೆ, ಹುಡುಕಿ ತಂದು ಕೊಡ್ತೀಯಾ ಅಂತ ಕೇಳುತ್ತಾನೆ. ಆಗೆಲ್ಲ ನಾವು ಅವನ ಮಾತು ಪೂರ್ತಿ ಕೇಳದೆ ಬಟನ್ ಒತ್ತಿ ಮುಂದೆ ಹೋದವರು. ಈ ಸಲ ಪೂರ್ತಿ ಕೇಳಿದೆ. ಕೇಳಿ ಲ್ಯಾಪ್‌ಟಾಪ್ ಮುಚ್ಚಿದೆ.

ಯಾಕೆ ಅಂತ ಹೇಳ್ತೇನೆ. ನಮ್ಮ ಫ್ಲ್ಯಾಟಿನ ಗೇಟಿಗೆ ಜೂನ್‌ನಲ್ಲಿ ಒಂದು ಬೋರ್ಡ್ ಬಿತ್ತು, ಮಾರುವವರು ಒಳಗೆ ಬರಬಾರದು ಅಂತ. ವಾಸನೆ ಬರುತ್ತದೆ, ಯಾರ್ಯಾರೋ ಬರುತ್ತಾರೆ ಅಂತ ಮೀಟಿಂಗಿನಲ್ಲಿ ಮಾತು. ಕಾಗದ ನನ್ನ ಹತ್ತಿರ ಬಂತು, ಸಹಿ ಹಾಕಿದೆ. ಓದಿಯೇ ಹಾಕಿದ್ದು. ನಮ್ಮ ಮೀನಿನ ಅಕ್ಕ ಗೊತ್ತಲ್ಲ ನಿನಗೆ, ಅಮ್ಮನಿಗೆ ಅಂತ ನಾಲ್ಕು ಒಳ್ಳೆಯ ಬಂಗುಡೆ ಎಲೆಯಡಿ ಬೇರೆ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದವರು? ಇಡೀ ಮಳೆಗಾಲ ಅವರು ಗೇಟಿನ ಹೊರಗೆ, ಬುಟ್ಟಿಗೆ ಪ್ಲಾಸ್ಟಿಕ್ ಹೊದೆಸಿ ನಿಂತರು. ಅಮ್ಮ ಮೊಣಕಾಲು ನೋವಲ್ಲಿ ಇಳಿದು ಹೋದರು. ಇಬ್ಬರೂ ನನಗೆ ಒಂದು ಮಾತು ಹೇಳಲಿಲ್ಲ.

ನವರಾತ್ರಿಗೆ ಪಿಲಿವೇಷ ಬಂತು. ವಾಚ್‌ಮ್ಯಾನ್ ಗೇಟಿನ ಎರಡೂ ಬಾಗಿಲು ತೆರೆದ. ನಾನು ಮೇಲೆ ಬಾಲ್ಕನಿಯಲ್ಲಿ, ಕೈಯಲ್ಲಿ ಐನೂರರ ನೋಟು. ತಾಸೆಯವರಿಗೆ ದಾರಿಯಾಗಲಿ ಅಂತ ಅಕ್ಕ ಬುಟ್ಟಿಯನ್ನು ಮೋರಿಯ ಬದಿಗೆ ಎಳೆದುಕೊಂಡರು. ಹುಲಿಗಳು ಒಳಗೆ ಬಂದವು. ಅಕ್ಕ ಹೊರಗಿಂದಲೇ ಕತ್ತು ಉದ್ದ ಮಾಡಿ ಕುಣಿತ ನೋಡಿ ನಗುತ್ತಿದ್ದರು. ಆ ನಗು ನನ್ನನ್ನು ಬಿಡುತ್ತಿಲ್ಲ ಮಾರಾಯ. ರಾತ್ರಿ ಎಚ್ಚರ ಆಗ್ತದೆ.

ಬರುವ ಭಾನುವಾರ ಮತ್ತೆ ಮೀಟಿಂಗ್. ನನ್ನ ಸಹಿ ವಾಪಸ್, ಬೋರ್ಡ್ ತೆಗೆಯಿರಿ ಅಂತ ಎದ್ದು ಹೇಳಬೇಕು. ಹೇಳ್ತೇನೆ. ಶನಿವಾರ ರಾತ್ರಿ ಫೋನ್ ಮಾಡು, ನಿನ್ನ ಹತ್ತಿರ ಒಮ್ಮೆ ಹೇಳಿ ನೋಡಿಕೊಳ್ಳುತ್ತೇನೆ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಡಿಸೆಂಬರಿಗೆ ಬಾ. ಅಮ್ಮ ಬಂಗುಡೆ ಪುಳಿಮುಂಚಿ ಮಾಡ್ತಾರೆ. ರಾತ್ರಿ ಕೂತು ಹೊಸ ಖಜೀತ್ ಶುರು ಮಾಡುವ, ಈ ಸಲ ಪಟ್ಟೆ ನಿನಗೇ. ಖಾರ್ಜೋನ ತಾಯಿತ ನಾನು ಹುಡುಕಿ ಇಟ್ಟಿರ್ತೇನೆ.

ಅದಿರಲಿ, ಕಿವಿಯ ಹಿಂದಿನ ಹಳದಿ ಹೋಯಿತಾ?

ನಿನ್ನವ