15 ದಾಟಿದ ಬೆಂಜ್ ಕಾರನ್ನು ವರ್ಷದ ಲೆಕ್ಕದಲ್ಲಿ ನೋಡಿಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೊಸದರಲ್ಲಿ ಹತ್ತಾರು ಲಕ್ಷ ಬೆಲೆಯಿದ್ದ ಮರ್ಸಿಡಿಸ್ ಬೆಂಜ್ ಇ–ಕ್ಲಾಸ್ ಕಾರು ಈಗ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೊಸ ಸಣ್ಣ ಕಾರಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತಿದೆ. ಆಸೆಪಟ್ಟು ಕೊಳ್ಳುವವರಿದ್ದಾರೆ. ಕೊಂಡ ಸ್ವಲ್ಪ ಕಾಲದಲ್ಲೇ ಅವೇ ಕಾರುಗಳು ಗ್ಯಾರೇಜಿನ ಮೂಲೆಯಲ್ಲಿ ಧೂಳು ಹಿಡಿದು ನಿಲ್ಲುವುದನ್ನೂ ನೋಡುತ್ತಿದ್ದೇವೆ. ಕೇಳಿದರೆ ‘ಸ್ಪೇರ್ ಪಾರ್ಟ್ಸ್ ದುಬಾರಿ’ ಎನ್ನುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಕಾರಿನ ವಯಸ್ಸನ್ನು ಓಡೋಮೀಟರ್ ನೋಡಿ ಅಳೆಯುವುದು, ಪರೀಕ್ಷೆ ಮಾಡದೆ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋಗುವುದು, ಈ ಎರಡರಿಂದಲೇ ಹೆಚ್ಚು ದುಡ್ಡು ಪೋಲಾಗುತ್ತದೆ. ಇಂಥ ಕಾರು ಇಟ್ಟುಕೊಂಡಿರುವ, ಕೊಳ್ಳಲು ಯೋಚಿಸುತ್ತಿರುವ ಓದುಗರಿಗಾಗಿ ಈ ಪತ್ರ.

2002ರಿಂದ 2009ರವರೆಗೆ ತಯಾರಾದ, ಡಬ್ಲ್ಯು 211 ಎಂಬ ಸಂಕೇತದ ಇ–ಕ್ಲಾಸನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈ ಸಾಲಿನ ಕೊನೆಯ ಕಾರುಗಳಿಗೂ 2024ರ ಹೊತ್ತಿಗೆ 15 ವರ್ಷ ತುಂಬಿದೆ. ಅಂದರೆ ಆರ್‌ಟಿಒದಲ್ಲಿ ನೋಂದಣಿ ನವೀಕರಿಸಿ, ಮುಂದೆ ಐದೈದು ವರ್ಷಕ್ಕೊಮ್ಮೆ ಅದೇ ಕೆಲಸ ಮಾಡಬೇಕಾದ ಕಾರುಗಳಿವು. ‘ಒಬ್ಬರೇ ಮಾಲೀಕರು, 60 ಸಾವಿರ ಕಿ.ಮೀ. ಮಾತ್ರ ಓಡಿದೆ’ ಎಂಬ ಜಾಹೀರಾತು ಕಂಡ ಕೂಡಲೇ ಅಡ್ವಾನ್ಸ್ ಕೊಡಬೇಡಿ. ರಬ್ಬರು, ಪ್ಲಾಸ್ಟಿಕ್ಕು, ಆಯಿಲ್‌ಗಳು ಕಾರು ನಿಂತಲ್ಲೇ ಹಳತಾಗುತ್ತವೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ ಕಾರಿನಲ್ಲಿ ಸೈಲೆನ್ಸರ್ ಒಳಗೆ ನೀರು ಕೂಡುತ್ತದೆ, ಆಯಿಲ್‌ಗೆ ತೇವ ಸೇರುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಆಗದಿದ್ದರೆ ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿ ಸುಮ್ಮನೆ ಬಿಡುವುದೇ ಮೇಲು.

ಮೊದಲು ಬ್ರೇಕಿನ ವಿಷಯ, ಏಕೆಂದರೆ ಇದು ಪ್ರಾಣಕ್ಕೆ ಸಂಬಂಧಪಟ್ಟದ್ದು. 2006ರ ಮಾರ್ಪಾಡಿಗೆ ಮುಂಚಿನ ಡಬ್ಲ್ಯು 211ರಲ್ಲಿ ಇರುವುದು ಸೆನ್ಸೊಟ್ರಾನಿಕ್ ಎಂಬ ವಿದ್ಯುತ್ ನಿಯಂತ್ರಿತ ಬ್ರೇಕು. ಗ್ಯಾರೇಜಿನ ಭಾಷೆಯಲ್ಲಿ ಎಸ್‌ಬಿಸಿ. ಪೆಡಲ್ ಒತ್ತಿದಾಗ ಕಾಲಿನ ಒತ್ತಡ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಪಂಪೊಂದು ಮೊದಲೇ ಕೂಡಿಟ್ಟ ಒತ್ತಡವನ್ನು ಕಂಪ್ಯೂಟರು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ. ಈ ವ್ಯವಸ್ಥೆಗಾಗಿಯೇ ಕಂಪನಿ 2004ರಲ್ಲಿ ಸುಮಾರು 6.8 ಲಕ್ಷ ಕಾರುಗಳನ್ನು, 2005ರಲ್ಲಿ ಬ್ರೇಕಿನ ಜೊತೆಗೆ ಬೇರೆ ವಿದ್ಯುತ್ ದೋಷಗಳಿಗಾಗಿಯೂ ಸುಮಾರು 13 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ತಪಾಸಣೆಗೆ ಹಿಂದಕ್ಕೆ ಕರೆದಿತ್ತು. ಎಷ್ಟು ಸಲ ಬ್ರೇಕ್ ಒತ್ತಲಾಯಿತು ಎಂದು ಎಸ್‌ಬಿಸಿ ಘಟಕವೇ ಎಣಿಸುತ್ತಿರುತ್ತದೆ. ಎಣಿಕೆ ಸುಮಾರು 3 ಲಕ್ಷದ ಹತ್ತಿರ ಬಂದಾಗ ಮೀಟರಿನಲ್ಲಿ ಎಚ್ಚರಿಕೆ ಬರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಈ ಎಣಿಕೆ ಹೆದ್ದಾರಿಯ ಕಾರಿಗಿಂತ ಎಷ್ಟೋ ಬೇಗ ಏರುತ್ತದೆ. ಪಂಪು ಪೂರ್ತಿ ಕೈಕೊಟ್ಟರೆ ಕಾಲಿನ ಬಲದಿಂದ ಮುಂದಿನ ಎರಡು ಚಕ್ರಗಳಷ್ಟೇ ಹಿಡಿಯುತ್ತವೆ. ಪೆಡಲ್ ಆಳಕ್ಕೆ ಇಳಿಯುತ್ತದೆ, ಕಾರು ನಿಲ್ಲಲು ಬಹಳ ದೂರ ಬೇಕಾಗುತ್ತದೆ.

ಇಲ್ಲಿ ನಡೆಯುತ್ತಿರುವ ಒಂದು ಕೆಲಸವನ್ನು ಗಟ್ಟಿಯಾಗಿ ಹೇಳಲೇಬೇಕು. ಕೆಲವೆಡೆ ಸ್ಕ್ಯಾನರ್ ಹಾಕಿ ಎಣಿಕೆಯನ್ನು ಸೊನ್ನೆ ಮಾಡಿ, ‘ಸರಿಹೋಯಿತು’ ಎಂದು ಕಾರು ಕೊಟ್ಟು ಕಳಿಸುತ್ತಾರೆ. ಸೊನ್ನೆಯಾಗುವುದು ಅಂಕಿ ಮಾತ್ರ, ಸವೆದ ಪಂಪ್ ಮೋಟಾರು ಸವೆದೇ ಇರುತ್ತದೆ. ಮೋಟಾರು ಬದಲಿಸಿ ಪರೀಕ್ಷಿಸಿದ ಘಟಕ ಅಥವಾ ಹೊಸ ಘಟಕ ಹಾಕಿಸದೆ ಅಂಥ ಕಾರನ್ನು ರಸ್ತೆಗೆ ಇಳಿಸಬಾರದು. ಎಸ್‌ಬಿಸಿಗೆ ಆಸರೆಯಾಗಿ ಬಾನೆಟ್ ಕೆಳಗೆ ಇನ್ನೊಂದು ಚಿಕ್ಕ ಬ್ಯಾಟರಿ ಇದೆ. ಡಿಕ್ಕಿಯಲ್ಲಿರುವ ದೊಡ್ಡದನ್ನು ಬದಲಿಸಿ ಇದನ್ನು ಮರೆಯುವವರೇ ಹೆಚ್ಚು. ಬ್ರೇಕ್ ಪ್ಯಾಡ್ ಬದಲಿಸುವ ಮುನ್ನ ಸರಿಯಾದ ಡಯಾಗ್ನೋಸ್ಟಿಕ್ ಯಂತ್ರದಿಂದ ಎಸ್‌ಬಿಸಿಯನ್ನು ನಿಷ್ಕ್ರಿಯಗೊಳಿಸಲೇಬೇಕು. ಇಲ್ಲದಿದ್ದರೆ ಯಾರಾದರೂ ಬಾಗಿಲು ತೆರೆದಾಗ ವ್ಯವಸ್ಥೆ ತಾನಾಗಿಯೇ ಎಚ್ಚರಗೊಂಡು ಪಿಸ್ಟನ್‌ಗಳನ್ನು ಪೂರ್ತಿ ಬಲದಿಂದ ಒತ್ತುತ್ತದೆ. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನೊಳಗೆ ಬೆರಳಿಟ್ಟ ಹುಡುಗನ ಬೆರಳು ಹೋಗುತ್ತದೆ. ಗ್ಯಾರೇಜ್ ಮಾಲೀಕರು ದಯವಿಟ್ಟು ಇದನ್ನು ಕೆಲಸಕ್ಕೆ ಬರುವ ಹುಡುಗರಿಗೆ ಮೊದಲ ದಿನವೇ ಹೇಳಿಕೊಡಬೇಕು. ಬ್ರೇಕ್ ಆಯಿಲ್ ಅಂತೂ ಗಾಳಿಯ ತೇವ ಹೀರುತ್ತದೆ. ಕಾರು ಓಡಿರಲಿ, ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಗೇರ್‌ಬಾಕ್ಸಿಗೆ ಬರೋಣ. ಈ ಕಾರುಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು 722.6 ಎಂಬ ಐದು ಗೇರಿನ ಆಟೊಮ್ಯಾಟಿಕ್. ಗಟ್ಟಿ ಗೇರ್‌ಬಾಕ್ಸು. ಇದನ್ನು ಕೆಡಿಸಿದ್ದು ‘ಆಯಿಲ್ ಜೀವನಪೂರ್ತಿ ಬದಲಿಸಬೇಕಿಲ್ಲ’ ಎಂಬ ನಂಬಿಕೆ. 60 ಸಾವಿರ ಕಿ.ಮೀ.ಗೊಮ್ಮೆ, ಕಡಿಮೆ ಓಡಿದರೆ ಐದಾರು ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್, ಗೇರ್‌ಬಾಕ್ಸಿನ ತಳದ ತಟ್ಟೆಯಾದ ಪ್ಯಾನಿನ ಗ್ಯಾಸ್ಕೆಟ್ ಮೂರನ್ನೂ ಬದಲಿಸಬೇಕು. ಪ್ಯಾನ್ ಬಿಚ್ಚಿದರೆ ಸುಮಾರು 4 ಲೀಟರ್ ಮಾತ್ರ ಇಳಿಯುತ್ತದೆ. ಉಳಿದದ್ದು ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಕೂತಿರುತ್ತದೆ. ಕನ್ವರ್ಟರ್‌ಗೆ ಡ್ರೇನ್ ಬೋಲ್ಟ್ ಇದ್ದರೆ ಅದನ್ನೂ ಇಳಿಸಿ. ಇಲ್ಲವಾದರೆ ಕೆಲವು ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ಪ್ಯಾನಿನಿಂದ ಇಳಿಸಿ ತುಂಬಿಸಿ. ಬೆಂಜ್ 236.14 ಅನುಮೋದನೆ ಇರುವ ಆಯಿಲೇ ಬೇಕು. ‘ಎಲ್ಲ ಆಟೊಮ್ಯಾಟಿಕ್‌ಗೂ ಆಗುತ್ತದೆ’ ಎನ್ನುವ ಡಬ್ಬಿ ಬೇಡ. ಪ್ಯಾನಿನ ಬೋಲ್ಟುಗಳಿಗೆ 8 ನ್ಯೂಟನ್ ಮೀಟರ್ ಬಿಗಿತ ಸಾಕು, ಜೋರು ಮಾಡಿದರೆ ಪ್ಯಾನ್ ಬಾಗಿ ಅಲ್ಲೇ ಸೋರುತ್ತದೆ.

ಗೇರ್ ಆಯಿಲಿನ ಮಟ್ಟ ನೋಡುವುದರಲ್ಲೇ ಬಹಳ ಜನ ಎಡವುತ್ತಾರೆ. ಕೊಳವೆಯೇನೋ ಇದೆ, ಒಳಗೆ ಅಳತೆಕಡ್ಡಿ ಇರುವುದಿಲ್ಲ, ಗ್ಯಾರೇಜಿನ ಕಡ್ಡಿ ಬಳಸಬೇಕು. ಎಂಜಿನ್ ಓಡುತ್ತಿರಬೇಕು, ಗೇರು ‘ಪಿ’ಯಲ್ಲಿರಬೇಕು, ಕಾರು ಸಮತಟ್ಟಾದ ನೆಲದ ಮೇಲಿರಬೇಕು, ಆಯಿಲಿನ ಉಷ್ಣತೆ 80 ಡಿಗ್ರಿ ಇರಬೇಕು. ತಣ್ಣಗಿರುವಾಗ ಬಿಸಿಯ ಗೆರೆಗೆ ತುಂಬಿದರೆ ಆಮೇಲೆ ಹಿಗ್ಗಿ, ನೊರೆಯೆದ್ದು, ಗೇರು ಜಾರತೊಡಗುತ್ತದೆ.

ಇದೇ ಗೇರ್‌ಬಾಕ್ಸಿನ ಇನ್ನೊಂದು ಕಾಯಿಲೆ ಕೇಳಿ. ಕಾರು ಇದ್ದಕ್ಕಿದ್ದಂತೆ ಎರಡನೇ ಗೇರಿನಲ್ಲೇ ನಿಂತುಬಿಡುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ. ‘ಗೇರ್‌ಬಾಕ್ಸ್ ಹೋಯಿತು, ಗುಜರಿಯಿಂದ ಬೇರೆ ತರಬೇಕು’ ಎನ್ನುವವರ ಮಾತಿಗೆ ಒಪ್ಪುವ ಮುನ್ನ ಗೇರ್‌ಬಾಕ್ಸಿನ ಪಕ್ಕದಲ್ಲಿರುವ 13 ಪಿನ್ನಿನ ಕನೆಕ್ಟರ್ ಬಿಚ್ಚಿಸಿ ನೋಡಿ. ಅದು ಕೂರುವ ಪ್ಲಾಸ್ಟಿಕ್ ಬುಷ್‌ನ ಎರಡು ಓ–ರಿಂಗುಗಳು ಗಟ್ಟಿಯಾಗಿ ಆಯಿಲ್ ಸೋರಿರುತ್ತದೆ. ಸೋರಿದ ಆಯಿಲ್ ತಂತಿಗಳ ಒಳಗೇ ತೆವಳಿ ಮೇಲೇರಿ ಗೇರ್‌ಬಾಕ್ಸ್ ಕಂಪ್ಯೂಟರಿನ ಪಿನ್ನುಗಳವರೆಗೆ ಹೋಗುತ್ತದೆ. ಬುಷ್‌ನ ಪಾರ್ಟ್ ನಂಬರ್ ಎ 203 540 02 53. ಇಡೀ ಗೇರ್‌ಬಾಕ್ಸಿನ ಲೆಕ್ಕದಲ್ಲಿ ಚಿಲ್ಲರೆ ಕಾಸಿನ ವಸ್ತು. ಪ್ರತಿ ಆಯಿಲ್ ಬದಲಾವಣೆಯ ಜೊತೆಗೆ ಇದನ್ನೂ ಬದಲಿಸಿ, ಎರಡೂ ತುದಿಯ ಕನೆಕ್ಟರುಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆಯಬೇಕು. ಅದಾದ ಮೇಲೂ ತೊಂದರೆ ಬಂದರೆ ಒಳಗಿನ ಕಂಡಕ್ಟರ್ ಪ್ಲೇಟ್ ಎಂಬ ವಿದ್ಯುತ್ ಫಲಕದ ವೇಗ ಸಂವೇದಕಗಳನ್ನು ಅನುಮಾನಿಸಬೇಕು. ಅದನ್ನೂ ಪ್ಯಾನ್ ಇಳಿಸಿಯೇ ಬದಲಿಸಬಹುದು, ಗೇರ್‌ಬಾಕ್ಸ್ ಇಳಿಸಬೇಕಿಲ್ಲ.

ಆರಂಭದ ವರ್ಷಗಳ ಕಾರಾದರೆ ರೇಡಿಯೇಟರ್ ಮೇಲೂ ಕಣ್ಣಿರಲಿ. ಗೇರ್ ಆಯಿಲ್ ತಂಪಾಗುವ ಕೊಳವೆ ರೇಡಿಯೇಟರ್ ಒಳಗೇ ಇದೆ. ಅದು ಒಳಗೊಳಗೆ ಬಿಟ್ಟುಕೊಂಡರೆ ಕೂಲಂಟ್ ಆಯಿಲಿಗೆ ಸೇರಿ ಕ್ಲಚ್ ಪ್ಲೇಟುಗಳ ಪದರವನ್ನು ತಿನ್ನುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಉಬ್ಬುತಗ್ಗಿನ ಮೇಲೆ ಓಡಿದಂತೆ ನಡುಕ ಬಂದರೆ ಆಯಿಲಿನಲ್ಲಿ ಕೂಲಂಟಿನ ಗ್ಲೈಕಾಲ್ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಕೂಲಂಟ್‌ಗೆ ಬೋರ್‌ವೆಲ್ ನೀರು ಬೆರೆಸಲೇಬಾರದು. ನಮ್ಮ ಗಡಸು ನೀರು ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಂತೆ ಎಂಜಿನ್ ಒಳಗೂ ಕಟ್ಟುತ್ತದೆ. ಬೆಂಜ್ 325.0 ಅನುಮೋದಿತ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಎಂಜಿನ್‌ನಲ್ಲಿ ಪೆಟ್ರೋಲಿಗೂ ಡೀಸೆಲ್‌ಗೂ ಕಾಯಿಲೆ ಬೇರೆ ಬೇರೆ. ಇ 200 ಕಂಪ್ರೆಸರ್‌ನ ಎಂ 271 ಪೆಟ್ರೋಲ್ ಎಂಜಿನ್‌ನಲ್ಲಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೆಳಗೆ ಕಣ್ಣಿಗೆ ಬೀಳದ ಜಾಗದಲ್ಲಿ, ಎಂಜಿನ್ ಒಳಗಿನ ಆವಿ ಸಾಗಿಸುವ ಬ್ರೀದರ್ ಟ್ಯೂಬುಗಳಿವೆ. ಬಿಸಿಗೆ ಗಟ್ಟಿಯಾಗಿ ಸೀಳುತ್ತವೆ. ಐಡಲ್‌ನಲ್ಲಿ ಸಿಳ್ಳೆಯ ಸದ್ದು, ಏರುಪೇರಾಗುವ ಆರ್‌ಪಿಎಂ, ಸ್ಕ್ಯಾನರ್‌ನಲ್ಲಿ ಪಿ 0171 ಎಂಬ ದೋಷಸಂಕೇತ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರರ್ಥ. ಏರ್ ಮಾಸ್ ಮೀಟರ್, ಆಮೇಲೆ ಆಕ್ಸಿಜನ್ ಸೆನ್ಸರ್, ಆಮೇಲೆ ಇಂಧನ ಸಿಂಪಡಿಸುವ ಇಂಜೆಕ್ಟರ್ ಎಂದು ಸಾಲಾಗಿ ಬದಲಿಸಿ ಸಾವಿರಾರು ರೂಪಾಯಿ ಸುರಿಯುವುದು ಇಲ್ಲಿಯೇ. ಕೊಳವೆಗಳೊಳಗೆ ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿದರೆ ಸೀಳಿದ ಟ್ಯೂಬಿನಿಂದ ಹೊಗೆ ಬರುವುದು ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಇದೇ ಎಂಜಿನ್‌ನಲ್ಲಿ ವಾಲ್ವ್‌ಗಳ ಸಮಯ ಹೊಂದಿಸುವ ಕ್ಯಾಮ್ ಮ್ಯಾಗ್ನೆಟ್‌ಗಳಿಂದಲೂ ಆಯಿಲ್ ತಂತಿಯೊಳಗೆ ಏರುತ್ತದೆ, ಕನೆಕ್ಟರ್ ತೆಗೆದು ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕೆಲವು ಸೆಕೆಂಡು ಗರಗರ ಸದ್ದು ಬಂದರೆ ಟೈಮಿಂಗ್ ಚೈನು ಹಿಗ್ಗಿದೆ, ಕ್ಯಾಮ್ ಅಡ್ಜಸ್ಟರ್ ಹಲ್ಲು ಸವೆದಿದೆ ಎಂದು ಅನುಮಾನಿಸಿ. ಅದನ್ನು ಮುಂದೂಡಬೇಡಿ. ಚೈನು ಹಲ್ಲು ಜಿಗಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆದು ಹೆಡ್ಡೇ ಬಿಚ್ಚುವ ಕೆಲಸ. ಹಾಕಿದ ಇಂಧನದ ಮಾತೂ ಇದೆ: ಈ ಕಾರುಗಳು ತಯಾರಾದಾಗ ಶೇ 20 ಎಥನಾಲ್ ಇರುವ ಪೆಟ್ರೋಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ವರ್ಷಕ್ಕೊಮ್ಮೆ ಇಂಧನದ ರಬ್ಬರ್ ಕೊಳವೆಗಳು, ಸೀಲುಗಳು ಮೆತ್ತಗಾಗಿವೆಯೇ, ಬಿರುಕು ಬಿಟ್ಟಿವೆಯೇ ನೋಡಿಸಿ. ತಿಂಗಳುಗಟ್ಟಲೆ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ನಿಲ್ಲಿಸಬೇಡಿ.

ಇ 220 ಸಿಡಿಐ ಡೀಸೆಲ್‌ನಲ್ಲಿ ನೋಡಬೇಕಾದದ್ದು ಇಂಜೆಕ್ಟರ್ ಬುಡ. ತಾಮ್ರದ ವಾಷರ್ ಸೀಲು ಬಿಟ್ಟರೆ ಉರಿದ ಗಾಳಿ ಮೇಲೆ ನುಗ್ಗಿ ಇಂಜೆಕ್ಟರ್ ಸುತ್ತ ಟಾರಿನಂಥ ಕಪ್ಪು ಗಟ್ಟಿ ಕಟ್ಟುತ್ತದೆ. ಬಾನೆಟ್ ಎತ್ತಿದರೆ ‘ಚುಕ್ ಚುಕ್’ ಸದ್ದು, ಎ.ಸಿ. ಹಾಕಿದರೆ ಕ್ಯಾಬಿನ್‌ನಲ್ಲಿ ಹೊಗೆಯ ವಾಸನೆ. ಬೇಗ ಹಿಡಿದರೆ ಸಣ್ಣ ಕೆಲಸ. ತಡವಾದರೆ ಇಂಜೆಕ್ಟರ್ ಹೆಡ್ಡಿಗೇ ಅಂಟಿಕೊಂಡು ಎಳೆಯಲು ಯಂತ್ರ ಬೇಕಾಗುತ್ತದೆ. ಇಂಜೆಕ್ಟರ್ ಕೂರುವ ಜಾಗವನ್ನು ರೀಮರ್ ಎಂಬ ಉಪಕರಣದಿಂದ ನಯವಾಗಿ ಶುದ್ಧ ಮಾಡಿ, ಬೋಲ್ಟ್ ಕೂರುವ ತೂತಿನ ಥ್ರೆಡ್ಡಿನೊಳಗಿನ ಕಸವನ್ನೆಲ್ಲ ತೆಗೆದು, ಹೊಸ ವಾಷರ್, ಹೊಸ ಬೋಲ್ಟ್ ಹಾಕಬೇಕು. ಈ ಬೋಲ್ಟ್ ಬಿಗಿಯುವಾಗ ಹಿಗ್ಗುವ ಜಾತಿಯದು, ಒಂದೇ ಸಲಕ್ಕೆ. 7 ನ್ಯೂಟನ್ ಮೀಟರ್ ಬಿಗಿದು, ನಂತರ 90 ಡಿಗ್ರಿ, ಮತ್ತೆ 90 ಡಿಗ್ರಿ ತಿರುಗಿಸಬೇಕು. ಹಳೆಯ ಬೋಲ್ಟನ್ನೇ ಅಂದಾಜಿನಲ್ಲಿ ಬಿಗಿದರೆ ಸೀಲು ಮತ್ತೆ ಬಿಡುತ್ತದೆ, ಇಲ್ಲವೇ ಹೆಡ್ಡಿನ ಥ್ರೆಡ್ ಕಿತ್ತುಬರುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ತೆಗೆಯುವುದಿದ್ದರೆ ಎಂಜಿನ್ ಬಿಸಿಯಿರುವಾಗ, ನಿಧಾನಕ್ಕೆ. ತಣ್ಣಗಿರುವಾಗ ಬಲ ಹಾಕಿದರೆ ಒಳಗೇ ಮುರಿಯುತ್ತದೆ.

ಸಸ್ಪೆನ್ಷನ್ ವಿಷಯದಲ್ಲಿ ನಮ್ಮ ಹಂಪುಗಳನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ಚಕ್ರವನ್ನು ಕಾರಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಹೊಸ ರಬ್ಬರ್ ಬುಷ್‌ಗಳು ಒಂದೇ ವರ್ಷದಲ್ಲಿ ಹರಿಯಲು ಹೆಚ್ಚಾಗಿ ಕೂರಿಸುವ ರೀತಿಯೇ ಕಾರಣ. ಕಾರನ್ನು ಲಿಫ್ಟ್ ಮೇಲೆತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಮೊದಲು ಬೆರಳಲ್ಲಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಆಮೇಲೆ ವೀಲ್ ಅಲೈನ್‌ಮೆಂಟ್. ಏರ್‌ಮ್ಯಾಟಿಕ್ ಗಾಳಿ ಸಸ್ಪೆನ್ಷನ್ ಇರುವ ಎಸ್–ಕ್ಲಾಸ್‌ನಂಥ ಕಾರಿನಲ್ಲಿ ಬೆಳಗ್ಗೆ ಒಂದು ಮೂಲೆ ಮಾತ್ರ ಕುಸಿದಿದ್ದರೆ ಆ ಮೂಲೆಯ ಸ್ಟ್ರಟ್ಟಿಗೂ (ಗಾಳಿ ತುಂಬಿದ ಸಸ್ಪೆನ್ಷನ್ ಕಂಬ) ಅದರ ಕೊಳವೆಗೂ ಸೋಪಿನ ನೀರು ಸಿಂಪಡಿಸಿ ಗುಳ್ಳೆ ನೋಡಿ. ಸೋರಿಕೆ ನಿಲ್ಲಿಸದೆ ಗಾಳಿ ತುಂಬುವ ಹೊಸ ಕಂಪ್ರೆಸರ್ ಹಾಕಿದರೆ ಅದೂ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಕಂಪ್ರೆಸರ್ ಬದಲಿಸುವಾಗ ರಿಲೇಯನ್ನೂ ಬದಲಿಸಿ. ಸ್ಟ್ರಟ್‌ನಲ್ಲಿ ಗಾಳಿಯಿಲ್ಲದೆ ಕಾರನ್ನು ಜಾಕಿನಿಂದ ಇಳಿಸಬಾರದು, ರಬ್ಬರ್ ಚೀಲ ತಪ್ಪಾಗಿ ಮಡಿಚಿ ಹರಿಯುತ್ತದೆ.

ವೈರಿಂಗಿನ ತೊಂದರೆಗಳಿಗೆ ಮುಖ್ಯ ಕಾರಣ ನೀರು. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿ ಡ್ರೇನ್ ಕಟ್ಟಿಕೊಂಡರೆ ಮಳೆನೀರು ಒಳಕ್ಕೆ ಇಳಿಯುತ್ತದೆ. ಮುಂಗಾರಿಗೆ ಮುಂಚೆ ಎಲೆ ತೆಗೆದು, ನೀರು ಸುರಿದು, ಕೆಳಗೆ ಹರಿಯುತ್ತಿದೆಯೇ ನೋಡಿ. ರಾತ್ರಿ ಕಳೆದು ಬ್ಯಾಟರಿ ಖಾಲಿಯಾಗುತ್ತಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಕಾರು ಲಾಕ್ ಮಾಡಿ ಒಂದು ಗಂಟೆ ಬಿಟ್ಟು ಎಷ್ಟು ವಿದ್ಯುತ್ ಹರಿಯುತ್ತಿದೆ ಅಳೆಯಿರಿ. 50 ಮಿಲಿಆಂಪಿಯರ್‌ಗಿಂತ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಎಳೆಯುತ್ತಿರುವ ಘಟಕವನ್ನು ಹಿಡಿಯಬಹುದು.

ಬಿಡಿಭಾಗವನ್ನು ಮಾಡೆಲ್ ಹೆಸರು ಹೇಳಿ ಕೇಳಬೇಡಿ, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಪಡೆಯಿರಿ. ಒಂದೇ ವರ್ಷದ ಎರಡು ಕಾರುಗಳಲ್ಲಿ ಬೇರೆ ಬೇರೆ ಭಾಗ ಇರುತ್ತದೆ. ಲೆಮ್‌ಫೋರ್ಡರ್, ಸ್ಯಾಕ್ಸ್, ಮಾನ್, ಬಾಷ್‌ನಂಥ ತಯಾರಕರ ಹೆಸರಿನಲ್ಲೇ ಬರುವ ಭಾಗಗಳು ಬೆಂಜ್‌ನ ನಕ್ಷತ್ರದ ಗುರುತಿರುವ ಡಬ್ಬಿಯವಕ್ಕಿಂತ ಅಗ್ಗ, ಗುಣದಲ್ಲಿ ಕಡಿಮೆಯಿಲ್ಲ. ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿ, ತಪ್ಪಿಲ್ಲ. ಬಾಗಿಲಿನ ಹಿಡಿ, ಸೀಟಿನ ಸ್ವಿಚ್, ಗಾಜು ಹಳತಾದರೂ ನಡೆಯುತ್ತದೆ. ಬ್ರೇಕು, ಸ್ಟೀರಿಂಗು, ರಬ್ಬರಿನ ಯಾವುದೇ ವಸ್ತು ಗುಜರಿಯಿಂದ ಬೇಡ.

ಕೊಳ್ಳುವ ಮುನ್ನ ಡಯಾಗ್ನೋಸ್ಟಿಕ್ ಯಂತ್ರವಿರುವ ಕಡೆ ಎಲ್ಲ ಘಟಕಗಳ ದೋಷಪಟ್ಟಿಯನ್ನೂ, 2006ಕ್ಕೆ ಮುಂಚಿನದಾದರೆ ಎಸ್‌ಬಿಸಿ ಎಣಿಕೆಯನ್ನೂ ಮುದ್ರಿಸಿ ತೆಗೆದುಕೊಳ್ಳಿ. ಆ ಎಣಿಕೆ ಓಡಿದ ಕಿಲೋಮೀಟರ್‌ಗೆ ಹೋಲಿಸಿದರೆ ತೀರಾ ಕಡಿಮೆಯಿದ್ದರೆ ಘಟಕ ಬದಲಾಗಿದೆ, ಇಲ್ಲವೇ ಅಂಕಿ ಅಳಿಸಿದ್ದಾರೆ. ಬಿಲ್ ಕೇಳಿ. ಟೈರಿನ ಪಕ್ಕದ ನಾಲ್ಕಂಕಿಯ ಸಂಖ್ಯೆಯನ್ನೂ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ ಟೈರಿನಲ್ಲಿ ಗೆರೆಗಳ ಆಳ ಎಷ್ಟೇ ಉಳಿದಿದ್ದರೂ ಅದರ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆಯಿರಿ. ಕಾರು ಕೊಂಡ ದುಡ್ಡಿನ ಕಾಲು ಭಾಗವಾದರೂ ಮೊದಲ ವರ್ಷದ ಕೆಲಸಕ್ಕೆ ಕೈಯಲ್ಲಿರಬೇಕು. ಅಷ್ಟು ಇಲ್ಲದವರು ಅದೇ ಬೆಲೆಗೆ ಚಿಕ್ಕ ಕಾರು ಕೊಳ್ಳುವುದು ಒಳ್ಳೆಯದು.

ಇಂತಿ ನಮಸ್ಕಾರಗಳು,
ಹಳೆಯ ಕಾರುಗಳ ದುರಸ್ತಿಗಾರರು, ಬೆಂಗಳೂರು